ಕಾವಿನೆಲೆ

ಹೂಬಿಡುವ ಸಸ್ಯಗಳಲ್ಲಿ ಎಲೆಯ ತೊಟ್ಟಿನ ಬುಡದಲ್ಲಿ, ಸಾಮಾನ್ಯವಾಗಿ ಇಕ್ಕೆಲಗಳಲ್ಲಿ ಒಂದೊಂದರಂತೆ ಬೆಳೆಯುವ ಎಲೆಯಂಥ ಕಿರು ಅಂಗವೇ ಕಾವಿನೆಲೆ. ಇದಕ್ಕೆ ವೃಂತಪತ್ರ, ಸ್ಟಿಪ್ಯೂಲ್ ಎಂಬ ಹೆಸರುಗಳೂ ಇವೆ. ದ್ವಿದಳ ಸಸ್ಯಗಳ ಅನೇಕ ಕುಟುಂಬಗಳಲ್ಲಿ ಇದು ಕಂಡುಬರುತ್ತದೆ. ಆದರೆ ಸಾಸಿವೆ, ತುಳಸಿ, ತುಂಬೆ ಮೊದಲಾದ ಗಿಡಗಳಲ್ಲಿ ಇರುವುದಿಲ್ಲ.

ಕಾರ್ಯ

ಎಳೆಯ ಮೊಗ್ಗಿನ ರಕ್ಷಣೆ ಇದರ ಮುಖ್ಯ ಕೆಲಸ. ಆಲ, ಹಲಸುಗಳಲ್ಲಿ ಕಾವಿನೆಲೆಗಳು ತುದಿಮೊಗ್ಗನ್ನು ಚೂಪಾದ ಕವಚದಂತೆ ಮುಚ್ಚಿರುತ್ತವೆ. ಎಲೆ ಬಿಚ್ಚಿಕೊಂಡ ಮೇಲೆ ಉದುರಿಹೋಗುತ್ತವೆ. ಬಟಾಣಿಯಲ್ಲಿ ಇವು ಕಿರುಎಲೆಗಳಿಗಿಂತಲೂ ದೊಡ್ಡದಾಗಿ ಬೆಳೆದು ಆಹಾರ ತಯಾರಿಕೆಯಲ್ಲಿ ನೆರವಾಗುತ್ತವೆ. ಲ್ಯಾಥೈರಸ್ ಅಫಾಕ ಎಂಬ ಕಳೆಗಿಡದಲ್ಲಿ ಎಲೆಯು ಕುಡಿಬಳ್ಳಿಯಾಗಿ ಮಾರ್ಪಟ್ಟಿರುವುದರಿಂದ ಆಹಾರ ತಯಾರಿಸುವ ಹೊಣೆ ಬಹುಮಟ್ಟಿಗೆ ಕಾವಿನೆಲೆಗಳದ್ದೇ.

ಮುಳ್ಳಿನ ರೂಪ

ಕರಿಜಾಲಿ ಮತ್ತು ಬೋರೆ ಗಿಡಗಳ ಜೋಡಿ ಮುಳ್ಳುಗಳು ಮಾರ್ಪಟ್ಟ ಕಾವಿನೆಲೆಗಳು. ಬೋರೆಯ ಜೋಡಿಯಲ್ಲಿ ಹಲವು ವೇಳೆ ಒಂದು ಮುಳ್ಳು ನೆಟ್ಟಗೂ ಇನ್ನೊಂದು ಕೊಕ್ಕೆಯಂತೆ ಬಾಗಿಯೂ ಇರುತ್ತದೆ. ಎಲ್ಲ ಮುಳ್ಳುಗಳ ಮೂಲವೂ ಒಂದೇ ಅಲ್ಲ. ನಿಂಬೆಯ ಮುಳ್ಳು ಎಲೆಯ ಕಂಕುಳಲ್ಲಿ ಹುಟ್ಟುವ ಮಾರ್ಪಟ್ಟ ಕುಡಿ. ಗುಲಾಬಿಯ ಮುಳ್ಳು ಕಾಂಡದ ಹೊರಪದರದ ಬೆಳವಣಿಗೆ. ಗುಲಾಬಿಯ ನಿಜವಾದ ಕಾವಿನೆಲೆಗಳು ಎಲೆಯ ತೊಟ್ಟಿಗೆ ರೆಕ್ಕೆಗಳಂತೆ ಅಂಟಿಕೊಂಡಿರುತ್ತವೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಒಂದು ಬಗೆಯ ಜಾಲಿಯಲ್ಲಿ ಈ ಮುಳ್ಳುಗಳು ಉಬ್ಬಿ ಟೊಳ್ಳಾಗಿದ್ದು, ಇರುವೆಗಳಿಗೆ ಮನೆಯಾಗಿವೆ. ಆ ಇರುವೆಗಳು ಎಲೆ ತಿನ್ನಲು ಬರುವ ಪ್ರಾಣಿ, ಕೀಟಗಳನ್ನು ಕಚ್ಚಿ ಓಡಿಸುತ್ತವೆ.

ಸಸ್ಯಗಳನ್ನು ಗುರುತಿಸುವಲ್ಲಿ ಮಹತ್ತ್ವ

ಹೂ, ಕಾಯಿಗಳಿಲ್ಲದ ಕಾಲದಲ್ಲಿ ಸಸ್ಯದ ಕುಟುಂಬವನ್ನು ಊಹಿಸಲು ಕಾವಿನೆಲೆ ಒಳ್ಳೆಯ ಕುರುಹು. ಕಾಫಿ ಮತ್ತು ಕೇಪಳ ಒಂದೇ ಕುಟುಂಬಕ್ಕೆ ಸೇರಿದವು. ಇವುಗಳಲ್ಲಿ ಎಲೆಗಳು ಎದುರುಬದುರಾಗಿದ್ದು, ಎರಡು ತೊಟ್ಟುಗಳ ನಡುವೆ ಕಾಂಡದ ಮೇಲೆ ತ್ರಿಕೋನಾಕಾರದ ಕಾವಿನೆಲೆ ಕಾಣುತ್ತದೆ. ಇದು ಆ ಕುಟುಂಬದ ಪ್ರಮುಖ ಲಕ್ಷಣ.

ಬಲಿತ ಎಲೆಯ ಬಳಿ ಕಾವಿನೆಲೆ ಕಾಣದಿದ್ದ ಮಾತ್ರಕ್ಕೆ ಆ ಸಸ್ಯದಲ್ಲಿ ಅದು ಇಲ್ಲವೆಂದು ತೀರ್ಮಾನಿಸಲಾಗದು. ಅನೇಕ ಸಸ್ಯಗಳಲ್ಲಿ ಅದು ಬೇಗನೆ ಉದುರುವುದರಿಂದ ಎಳೆಯ ಕುಡಿಯನ್ನು ಪರೀಕ್ಷಿಸಬೇಕು. ಉದುರಿದ ಮೇಲೂ ಕೆಲವೆಡೆ ಗುರುತು ಉಳಿಯುತ್ತದೆ: ಹಲಸಿನ ರೆಂಬೆಯ ಪ್ರತಿ ಗೆಣ್ಣಿನಲ್ಲಿ ಕಾಣುವ ಉಂಗುರದಂಥ ಗೆರೆ ಕಾವಿನೆಲೆ ಕಳಚಿಬಿದ್ದ ಕಲೆಯೇ ಆಗಿದೆ.