ಹನ್ನೆರಡು ಭೇಟಿಗೆ ಎಷ್ಟು ಖರ್ಚು?

ಅಪಘಾತವೋ, ಕಣ್ಣೆದುರಿನ ಸಾವೋ, ಮನೆಯೊಳಗಿನ ಹೊಡೆತವೋ ಆದ ಮೇಲೆ ಮಕ್ಕಳು ಕೆಲವು ದಿನ ನಿದ್ದೆಗೆಟ್ಟು ಬೆಚ್ಚಿಬೀಳುವುದು ಸಹಜ. ತಿಂಗಳು ದಾಟಿಯೂ ಅದು ನಿಲ್ಲದೆ, ಶಾಲೆಯೂ ಬೇಡ, ಗೆಳೆಯರೂ ಬೇಡ ಎಂದಾದರೆ ವೈದ್ಯರಿಗೆ ತೋರಿಸಲೇಬೇಕು. ಆಘಾತಕ್ಕೆಂದೇ ರೂಪಿಸಿದ ಆಪ್ತಸಮಾಲೋಚನೆಗೆ ಸಾಮಾನ್ಯವಾಗಿ 12ರಿಂದ 16 ಭೇಟಿ ಬೇಕು. ಕಡಿಮೆಯದನ್ನೇ ಹಿಡಿಯೋಣ.

ಉತ್ತರ ಕನ್ನಡದ ಜಿಲ್ಲಾ ಕೇಂದ್ರ ಕಾರವಾರವಾದರೂ ಘಟ್ಟದ ಮೇಲಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಹಳಿಯಾಳದಿಂದ ಸುಮಾರು 35 ಕಿ.ಮೀ., ದಾಂಡೇಲಿಯಿಂದ 55, ಜೋಯಿಡಾದಿಂದ 80. ಮುಂಡಗೋಡದವರಿಗೆ ಹುಬ್ಬಳ್ಳಿ, 45ರ ಆಸುಪಾಸು. 12 ಸಲ ಹೋಗಿಬಂದರೆ ಹಳಿಯಾಳದವರದು 840 ಕಿ.ಮೀ., ಜೋಯಿಡಾದವರದು 1,920.

ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ಸಾಮಾನ್ಯ ಬಸ್ಸಿನಲ್ಲಿ ತಾಯಿಗೂ ಮಗಳಿಗೂ ಟಿಕೆಟ್ ಇಲ್ಲ. 12 ದಾಟಿದ ಮಗನಿಗೆ ಪೂರ್ತಿ ಟಿಕೆಟ್. ನಿಜವಾಗಿ ಭಾರವಾಗುವುದು ಕೂಲಿಯ ಬಾಬ್ತು. 2025-26ರಲ್ಲಿ ಉದ್ಯೋಗ ಖಾತ್ರಿ ದರ ದಿನಕ್ಕೆ ₹370 ಇತ್ತು. ಆ ಲೆಕ್ಕದಲ್ಲಿ 12 ದಿನ ಕೆಲಸ ಬಿಟ್ಟರೆ ₹4,440. ಚಿಕಿತ್ಸೆ ಅರ್ಧಕ್ಕೆ ನಿಂತಾಗ ಪಾಲಕರ ತಾತ್ಸಾರವನ್ನು ದೂರುವ ಮೊದಲು ಈ ಮೊತ್ತ ನೋಡಬೇಕು.

ಎಷ್ಟು ಮಕ್ಕಳಿಗೆ ಇದು ಬೇಕು? 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13-17ರ ವಯಸ್ಸಿನ ಶೇ 7.3 ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅದು ಬರೀ ಆಘಾತದ ಲೆಕ್ಕವಲ್ಲ. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕವೂ ಇಲ್ಲ. ಆದರೂ ಅಂದಾಜಿಗೆ, 40 ಮಕ್ಕಳ ತರಗತಿಯಲ್ಲಿ ಮೂವರು.

ವಾರಕ್ಕೆ 168 ಗಂಟೆ. ಸಮಾಲೋಚಕರ ಎದುರು ಒಂದು ಗಂಟೆ ಕಳೆದರೆ ಉಳಿದ 167 ಗಂಟೆ ಮನೆ, ಶಾಲೆ, ಊರಿನದು. ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ಪಕ್ಕದಲ್ಲಿ ಯಾರಾದರೂ ಮಲಗುವುದು, ‘ಏನಾಯ್ತು ಹೇಳು’ ಎಂದು ಕೆದಕದಿರುವುದು, ತಾನಾಗಿ ಹೇಳಿದಾಗ ಮಧ್ಯೆ ಬಾಯಿ ಹಾಕದಿರುವುದು: ಇವಕ್ಕೆ ದುಡ್ಡು ಬೇಡ. ಗಾಳಿ ಸೋಕಿದೆ ಎಂದು ಅಜ್ಜಿ ತಾಯಿತ ಕಟ್ಟಿಸಿದರೆ ಜಗಳವಾಡಬೇಕಿಲ್ಲ. ಆಸ್ಪತ್ರೆಯ ದಿನ ತಪ್ಪದಿದ್ದರೆ ಸಾಕು.

2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕೆಲವು ಪ್ರಯಾಣ ಉಳಿದೀತು. ಆದರೆ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಕಾಡಂಚಿನ ಊರಲ್ಲಿ ಹುಡುಗಿಯೊಬ್ಬಳು ಗುಟ್ಟಾಗಿ ಮಾತಾಡುವುದೆಲ್ಲಿ? ಸಾಯುವ ಮಾತು ಬಂದರಂತೂ ಫೋನು, ವಾರದ ಸರದಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ನೋವು ಕೊಟ್ಟವರು ಮನೆಯವರೇ ಆಗಿದ್ದರೆ 167 ಗಂಟೆಯ ಲೆಕ್ಕವೇ ತಲೆಕೆಳಗು. ಆಗ ಮೊದಲ ಕರೆ ಮಕ್ಕಳ ಸಹಾಯವಾಣಿ 1098ಕ್ಕೆ.