ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಕೋಶಗಳನ್ನು ಸಮಗೊಳಿಸುವ ಕ್ರಮ

ತೋಟದ ಮನೆಯ ದೀಪಗಳಿಗೂ, ಕಾಡುಹಂದಿ ಮೊದಲಾದ ಪ್ರಾಣಿಗಳ ಹಾವಳಿಯನ್ನು ತಡೆಯುವ ಸೋಲಾರ್ ಬೇಲಿಗೂ ಬೇಕಾದ ವಿದ್ಯುಚ್ಛಕ್ತಿಯನ್ನು ಹಗಲಿನ ಬಿಸಿಲಿನಿಂದ ಪಡೆದು ಬ್ಯಾಟರಿಯಲ್ಲಿ ಕೂಡಿಡುವ ಪದ್ಧತಿಯು ನಮ್ಮ ರೈತರಲ್ಲಿ ಬಳಕೆಗೆ ಬಂದಿದೆ. ಈ ಕೆಲಸಕ್ಕೆ ಬಹುಕಾಲದಿಂದ ಸೀಸದ ಬ್ಯಾಟರಿಯೇ ಆಧಾರವಾಗಿತ್ತು. ಈಚೆಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯು ಅದರ ಸ್ಥಾನಕ್ಕೆ ಬರುತ್ತಿದೆ. ಇದು ಹಗುರವಾದುದು, ನೀರು ಹಾಕುವ ತೊಂದರೆಯಿಲ್ಲದುದು, ಸರಿಯಾಗಿ ನೋಡಿಕೊಂಡಲ್ಲಿ ಸಾವಿರಾರು ಸಲ ತುಂಬಿ ಬರಿದುಮಾಡಬಹುದಾದುದು. ಆದರೆ ಕೊಳ್ಳುವಾಗ ಬೆಲೆಯು ಹೆಚ್ಚು. ಇಷ್ಟು ಹಣ ಕೊಟ್ಟು ತಂದ ಬ್ಯಾಟರಿಯು ಬೆಳಗಿನ ಜಾವಕ್ಕೆ ಮುಂಚೆಯೇ ನಿಂತು, ಬೇಲಿಯ ಶಕ್ತಿ ಹೋಗಿ, ಬೆಳೆಯು ಪ್ರಾಣಿಗಳ ಪಾಲಾದರೆ, ರೈತನು ಅದನ್ನು ಕೆಟ್ಟಿತೆಂದು ತಿಳಿದು ಮಾರಿಬಿಡಲು ಯೋಚಿಸುವುದು ಸಹಜ. ಹಾಗೆ ಮಾಡುವುದಕ್ಕೆ ಮೊದಲು ಅದರ ಕೋಶಗಳ ಸಮತೆಯನ್ನು ಪರೀಕ್ಷಿಸತಕ್ಕದ್ದು. ಕೋಶಗಳು ಒಳ್ಳೆಯವಾಗಿದ್ದೂ ಸಮತೆ ಮಾತ್ರ ತಪ್ಪಿರುವುದುಂಟು.

ಬ್ಯಾಟರಿಯ ರಚನೆ

ಈ ರಾಸಾಯನಿಕವನ್ನು ಬ್ಯಾಟರಿಗೆ ಬಳಸಬಹುದೆಂಬುದನ್ನು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಗುಡ್‌ಇನಫ್ ಎಂಬ ವಿಜ್ಞಾನಿಯೂ, ಅವರೊಡನೆ ಕೆಲಸಮಾಡುತ್ತಿದ್ದ ಪಾಧಿ, ನಂಜುಂಡಸ್ವಾಮಿ ಎಂಬವರೂ 1997ರಲ್ಲಿ ಪ್ರಕಟಿಸಿದರು. ಇದರ ಒಂದು ಕೋಶದ ಸಾಮಾನ್ಯ ಒತ್ತಡವು 3.2 ವೋಲ್ಟ್. ನಾಲ್ಕು ಕೋಶಗಳನ್ನು ಸಾಲಾಗಿ, ಅಂದರೆ ಒಂದರ ಧನಕ್ಕೆ ಮತ್ತೊಂದರ ಋಣವನ್ನು ಸೇರಿಸಿದರೆ 12.8 ವೋಲ್ಟ್ ಆಗುವುದು. ಹದಿನಾರನ್ನು ಸೇರಿಸಿದರೆ 51.2 ವೋಲ್ಟ್. ಯಾವ ಕೋಶವೂ ತುಂಬುವಾಗ 3.65 ವೋಲ್ಟನ್ನು ಮೀರಬಾರದು; ಬರಿದಾಗುವಾಗ 2.5 ವೋಲ್ಟಿಗಿಂತ ಕೆಳಗಿಳಿಯಬಾರದು. ಇದನ್ನು ಕಾಯುವುದಕ್ಕಾಗಿ ಬಿ.ಎಂ.ಎಸ್. ಎಂಬ ಕಾವಲು ಯಂತ್ರವನ್ನು ಜೋಡಿಸಿರುತ್ತಾರೆ. ಒಂದೇ ಒಂದು ಕೋಶವು ಮೇರೆಯನ್ನು ಮುಟ್ಟಿದರೂ ಇದು ಇಡೀ ಬ್ಯಾಟರಿಯನ್ನು ನಿಲ್ಲಿಸುತ್ತದೆ.

ಸಮತೆ ತಪ್ಪಿದರೆ ಆಗುವ ನಷ್ಟ

ಒಂದೇ ಅಳತೆಯ ನಾಲ್ಕು ಕೊಳಗಗಳಿಗೆ ಸೇರಿನಿಂದ ಸಮಸಮನಾಗಿ ರಾಗಿಯನ್ನು ಸುರಿಯುತ್ತಿದ್ದೇವೆಂದು ಇಟ್ಟುಕೊಳ್ಳೋಣ. ಒಂದರಲ್ಲಿ ಮೊದಲೇ ಸ್ವಲ್ಪ ರಾಗಿ ಇದ್ದರೆ ಅದು ಬೇಗ ತುಂಬುವುದು. ಅದು ತುಂಬಿದೊಡನೆ ಎಲ್ಲಕ್ಕೂ ಸುರಿಯುವುದನ್ನು ನಿಲ್ಲಿಸಬೇಕೆಂದರೆ ಉಳಿದ ಮೂರೂ ಕೊರೆಯಾಗಿಯೇ ಉಳಿಯುವುವು. ಸಾಲಾಗಿ ಸೇರಿಸಿದ ಕೋಶಗಳ ರೀತಿಯೂ ಇದೇ. 100 ಆಂಪಿಯರ್-ಗಂಟೆಯ ನಾಲ್ಕು ಕೋಶಗಳಲ್ಲಿ ಒಂದು 20 ಆಂಪಿಯರ್-ಗಂಟೆಯಷ್ಟು ಮುಂದಿದ್ದರೆ, ಅದು ತುಂಬಿದಾಗ ಉಳಿದವುಗಳಲ್ಲಿ 80 ಮಾತ್ರ ಇರುವುದು. ಬಳಸುವಾಗ 80 ತೆಗೆದ ಕೂಡಲೆ ಆ ಮೂರು ಬರಿದಾಗಿ ಬ್ಯಾಟರಿಯು ನಿಲ್ಲುವುದು. ಯಾವ ಕೋಶವೂ ಕೆಡದೆಯೇ ಐದರಲ್ಲೊಂದು ಪಾಲು ಶಕ್ತಿಯು ಇದ್ದೂ ಇಲ್ಲದಂತಾಯಿತು.

ಸೀಸದ ಬ್ಯಾಟರಿಯಲ್ಲಿ ಈ ತೊಂದರೆ ಕಡಮೆ. ಅದನ್ನು ಸ್ವಲ್ಪ ಹೆಚ್ಚಾಗಿ ತುಂಬಿದರೆ, ಮೊದಲೇ ತುಂಬಿದ ಕೋಶದಲ್ಲಿ ನೀರು ಒಡೆದು ಅನಿಲವಾಗಿ ಹೋಗುವುದು. ಅಷ್ಟರಲ್ಲಿ ಹಿಂದುಳಿದ ಕೋಶಗಳು ತುಂಬಿಕೊಳ್ಳುವುವು. ಆಗಾಗ್ಗೆ ಭಟ್ಟಿ ಇಳಿಸಿದ ನೀರನ್ನು ಹಾಕುವುದು ಇದಕ್ಕಾಗಿಯೇ. ಲಿಥಿಯಂ ಕೋಶದಲ್ಲಿ ಇಂಥ ಅನುಕೂಲವಿಲ್ಲ. ಹೆಚ್ಚಾಗಿ ತುಂಬಿದರೆ ಅದು ಉಬ್ಬಿ ಕೆಡುವುದು. ಆದಕಾರಣ ನಾವೇ ಸಮಗೊಳಿಸಬೇಕಾಗುತ್ತದೆ.

ಯಾವಾಗ ಅಳೆಯತಕ್ಕದ್ದು

ಅರೆ ತುಂಬಿದ ಕೋಶಗಳನ್ನು ಮೀಟರಿನಿಂದ ಅಳೆದು, ಎಲ್ಲವೂ 3.30 ವೋಲ್ಟ್ ತೋರಿಸಿದುವೆಂದು ತೃಪ್ತಿಪಡಕೂಡದು. ಈ ಜಾತಿಯ ಕೋಶವು ಸುಮಾರು ಐದರಲ್ಲೊಂದು ಪಾಲಿನಿಂದ ಐದರಲ್ಲಿ ನಾಲ್ಕು ಪಾಲು ತುಂಬುವವರೆಗೆ ಬಹುಮಟ್ಟಿಗೆ ಒಂದೇ ವೋಲ್ಟನ್ನು ತೋರಿಸುತ್ತದೆ. ತುಂಬುತ್ತ ಬಂದು 3.40 ವೋಲ್ಟನ್ನು ದಾಟಿದ ಮೇಲೆಯೇ ಅಂತರವು ಬಯಲಾಗುವುದು. ಆದ್ದರಿಂದ ತುಂಬುವ ಕೊನೆಯ ಹಂತದಲ್ಲಿಯೇ ಪ್ರತಿಯೊಂದು ಕೋಶವನ್ನೂ ಬೇರೆಬೇರೆಯಾಗಿ ಅಳೆದು ಬರೆದಿಟ್ಟುಕೊಳ್ಳತಕ್ಕದ್ದು.

ಸಮಗೊಳಿಸುವ ವಿಧಾನ

ಬಿಡಿ ಕೋಶಗಳನ್ನು ಕೊಂಡು ಜೋಡಿಸುವವರು ಮೊದಲಿಗೇ ಈ ಕೆಲಸವನ್ನು ಮಾಡುವುದು ಮೇಲು. ಇದನ್ನು ವಿದ್ಯುತ್ತಿನ ಕೆಲಸ ಬಲ್ಲವರಿಂದ ಮಾಡಿಸತಕ್ಕದ್ದು.

1. ಕೋಶಗಳನ್ನು ಬಿ.ಎಂ.ಎಸ್. ಸಹಿತ ಸಾಲಾಗಿ ಜೋಡಿಸಿ, ಯಾವುದಾದರೂ ಒಂದು ಕೋಶವು ಮೇರೆಯನ್ನು ಮುಟ್ಟುವವರೆಗೆ ತುಂಬಬೇಕು.

2. ಅನಂತರ ಬಿಚ್ಚಿ, ಎಲ್ಲ ಧನಗಳನ್ನು ಒಂದು ಪಟ್ಟಿಗೂ ಎಲ್ಲ ಋಣಗಳನ್ನು ಮತ್ತೊಂದು ಪಟ್ಟಿಗೂ ಸೇರಿಸಬೇಕು. ವೋಲ್ಟಿನಲ್ಲಿ ಬಹಳ ಅಂತರವಿರುವ ಕೋಶಗಳನ್ನು ಹೀಗೆ ಒಮ್ಮೆಗೇ ಸೇರಿಸಕೂಡದು.

3. ವೋಲ್ಟನ್ನು ಹೊಂದಿಸಬಹುದಾದ ಪವರ್ ಸಪ್ಲೈಯನ್ನು ಕೋಶಗಳಿಗೆ ಸೇರಿಸುವ ಮುಂಚೆಯೇ 3.65 ವೋಲ್ಟಿಗೆ ನಿಲ್ಲಿಸಿ, ಮೀಟರಿನಿಂದ ಖಚಿತಪಡಿಸಿಕೊಂಡು ಆಮೇಲೆ ಸೇರಿಸಬೇಕು. ಪ್ರವಾಹವು ಇಳಿದಿಳಿದು ಅತ್ಯಲ್ಪವಾದಾಗ ಎಲ್ಲ ಕೋಶಗಳೂ ಸಮನಾಗಿ ತುಂಬಿದುವೆಂದು ತಿಳಿದು ತೆಗೆದುಬಿಡಬೇಕು. ಅದೇ ಸ್ಥಿತಿಯಲ್ಲಿ ದಿನಗಟ್ಟಲೆ ಬಿಡಬಾರದು.

ಮೊದಲನೆಯ ಹಂತವನ್ನು ಬಿಟ್ಟರೆ ಕಾಲವು ವ್ಯರ್ಥ. ಅರೆ ತುಂಬಿದ 100 ಆಂಪಿಯರ್-ಗಂಟೆಯ ನಾಲ್ಕು ಕೋಶಗಳಿಗೆ 200 ಆಂಪಿಯರ್-ಗಂಟೆ ಬೇಕು. 10 ಆಂಪಿಯರಿನಂತೆ ಕೊಟ್ಟರೂ 20 ಗಂಟೆಗಳಾಗುವುವು.

ಕೆಲಸ ಮಾಡುವಾಗ ಉಂಗುರ, ಕಡಗ, ಕೈಗಡಿಯಾರಗಳನ್ನು ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿರಬೇಕು. ಧನ-ಋಣಗಳ ಮೇಲೆ ಲೋಹವು ಅಡ್ಡಬಿದ್ದರೆ ಕೈ ಸುಡುವುದಲ್ಲದೆ ಬೆಂಕಿಯ ಅಪಾಯವೂ ಉಂಟು.

ಮೊಹರು ಮಾಡಿದ ಸಿದ್ಧ ಬ್ಯಾಟರಿಯನ್ನು ರೈತರು ಒಡೆಯಕೂಡದು. ಚಾರ್ಜರನ್ನು 12.8 ವೋಲ್ಟಿನ ಬ್ಯಾಟರಿಗೆ 13.8 ವೋಲ್ಟಿನಷ್ಟು ತಗ್ಗಿಸಿ, ತುಂಬಿದ ಮೇಲೂ ಕೆಲವು ಗಂಟೆ ಹಾಗೆಯೇ ಇರುವಂತೆ ಹಲವು ದಿನ ನಡೆಸಿದರೆ, ಒಳಗಿನ ಬಿ.ಎಂ.ಎಸ್. ತಾನೇ ಮೆಲ್ಲಮೆಲ್ಲಗೆ ಸಮಗೊಳಿಸುವುದು. ಇದರಲ್ಲಿ ತಾಳ್ಮೆ ಅವಶ್ಯ. ಮುಂದಿರುವ ಕೋಶದಿಂದ ಬಿ.ಎಂ.ಎಸ್. 0.1 ಆಂಪಿಯರಿನಷ್ಟು ಮಾತ್ರ ಸೋರಿಸುವುದಾದರೆ 10 ಆಂಪಿಯರ್-ಗಂಟೆಯ ಅಂತರಕ್ಕೆ 100 ಗಂಟೆ ಬೇಕು. ದಿನಕ್ಕೆ ಒಂದೇ ಗಂಟೆ ಅವಕಾಶ ಸಿಕ್ಕಿದರೆ ಮೂರು ತಿಂಗಳಿಗೂ ಮೇಲಾಗುವುದು. ಮೋಡದ ದಿನಗಳಲ್ಲಿ ಬ್ಯಾಟರಿಯು ಪೂರ್ತಿ ತುಂಬದೆ ಈ ಕೆಲಸವು ನಿಂತೇ ಹೋಗುವುದು. ಮಳೆಗಾಲ ಕಳೆದ ಮೇಲೆ ಸಮತೆ ತಪ್ಪಿರುವುದಕ್ಕೆ ಇದೂ ಒಂದು ಕಾರಣ.

ಸಮಗೊಳಿಸಿದರೂ ಸರಿಹೋಗದ ದೋಷಗಳು

ಮೊದಲು ತುಂಬಿ ಕೊನೆಗೆ ಬರಿದಾಗುವ ಕೋಶವು ಕೇವಲ ಮುಂದಿರುವುದು. ಕೊನೆಗೆ ತುಂಬಿ ಮೊದಲು ಬರಿದಾಗುವುದು ಹಿಂದುಳಿದಿರುವುದು. ಇವೆರಡೂ ಸಮಗೊಳಿಸಿದರೆ ಸರಿಹೋಗುವುವು. ಮೊದಲೇ ತುಂಬಿ ಮೊದಲೇ ಬರಿದಾಗುವ ಕೋಶದ ಹಿಡಿತವೇ ಕಡಮೆಯಾಗಿರುವುದು, ಅದನ್ನು ಬದಲಾಯಿಸಬೇಕು. ಸಮಗೊಳಿಸಿದ ಮೇಲೂ ಕೆಲವು ವಾರಗಳಲ್ಲಿ ಪುನಃ ಹಿಂದುಳಿಯುವ ಕೋಶವು ಒಳಗೇ ಸೋರುತ್ತಿರಬಹುದು. ಪ್ರವಾಹವಿರುವಾಗ ಮಾತ್ರ ಅಂತರ ಕಂಡು, ನಿಲ್ಲಿಸಿದೊಡನೆ ಮಾಯವಾದರೆ ಮೊದಲು ಸಡಿಲವಾದ ಅಥವಾ ಕಿಲುಬು ಹಿಡಿದ ಜೋಡಣೆಯನ್ನು ನೋಡಬೇಕು. ಪಟ್ಟಿಯನ್ನು ಉಜ್ಜಿ ಬಿಗಿ ಮಾಡಿದರೆ ಖರ್ಚಿಲ್ಲದೆ ಗುಣವಾಗುವುದುಂಟು. ಉಬ್ಬಿದ ಕೋಶವನ್ನು ಪುನಃ ಬಳಸಲೇಕೂಡದು.

ಆದುದರಿಂದ ರೈತರು ಬ್ಯಾಟರಿಯನ್ನು ನೆರಳಿನಲ್ಲಿಯೂ ಗಾಳಿಯಾಡುವ ಜಾಗದಲ್ಲಿಯೂ ಇಟ್ಟು, ಒಳ್ಳೆಯ ಬಿಸಿಲಿನ ಕಾಲದಲ್ಲಿ ಆಗಾಗ್ಗೆ ಪೂರ್ತಿ ತುಂಬಿಸಿ, ಕೋಶಗಳ ವೋಲ್ಟನ್ನು ಪುಸ್ತಕದಲ್ಲಿ ಬರೆದಿಡುತ್ತಿರಬೇಕು. ಹೊಸ ಬ್ಯಾಟರಿಗೆ ಹಣ ಕೊಡುವ ಮೊದಲು ಹಳೆಯದರ ಈ ಲೆಕ್ಕವನ್ನು ಒಂದು ಸಲ ನೋಡುವುದು ಲಾಭಕರ.