ದಣಿವಿಗೆ ಮುನ್ನವೇ ವಿಶ್ರಾಂತಿ ಏಕೆ?

ಪ್ರಶ್ನೆ: ದೀರ್ಘಕಾಲೀನ ದಣಿವಿನ ರೋಗವುಳ್ಳವರು ಮೈ ಹಗುರವೆನಿಸಿದ ದಿನವೂ ಕೆಲಸವನ್ನು ಮಿತಿಯಲ್ಲಿಡಬೇಕೇಕೆ? (ಓದುಗರು, ಸಿಂಧನೂರು)

ಉತ್ತರ: ಈ ವ್ಯಾಧಿಯಲ್ಲಿ ಶ್ರಮದ ಫಲವು ಒಡನೆಯೇ ತೋರದೆ, ಸಾಮಾನ್ಯವಾಗಿ 12ರಿಂದ 48 ಗಂಟೆಗಳ ತರುವಾಯ ಪ್ರಕಟವಾಗಿ, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ರೋಗಿಯನ್ನು ಹಾಸಿಗೆಗೆ ಕೆಡಹುವುದರಿಂದ, ಆ ಹೊತ್ತಿನ ಹುರುಪನ್ನೇ ಪ್ರಮಾಣವೆಂದು ನಂಬುವುದು ಸಲ್ಲದು. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರು ಮನಬಂದಂತೆ ನೀರು ಹರಿಸಿಕೊಂಡರೆ ಕೆಳಭಾಗದ ಗದ್ದೆಗಳು ಕೆಲದಿನಗಳ ಬಳಿಕ ಬಿರಿಯುವಂತೆ, ಇಂದಿನ ಅತಿವ್ಯಯವು ನಾಳೆ ನಾಡಿದ್ದಿನ ಶಕ್ತಿಯನ್ನು ಅಪಹರಿಸುತ್ತದೆ. ನೀರಿನಂತೆ ಶಕ್ತಿಯನ್ನೂ ಸರದಿಯಂತೆ ಬಿಡುವುದೊಂದೇ ಉಪಾಯ. ಆದಕಾರಣ ಮಸ್ಕಿಯ ಬಜಾರಿಗೆ ಹೋಗುವ ದಿನ ಬಟ್ಟೆ ಒಗೆಯತಕ್ಕದ್ದಲ್ಲ. ಜೋಳದ ರೊಟ್ಟಿಯನ್ನು ಕುಳಿತೇ ಬಡಿದು, ನಡುನಡುವೆ, ದಣಿವು ತಲೆದೋರುವ ಮುನ್ನವೇ, ಮಲಗಿ ವಿಶ್ರಮಿಸಬೇಕು. ಓದು, ಲೆಕ್ಕಪತ್ರ, ನೆಂಟರೊಡನೆ ಮಾತುಕತೆ, ಇವೂ ಶ್ರಮವೆಂಬುದನ್ನು ಮನೆಮಂದಿ ಮರೆಯುತ್ತಾರೆ. ದಿನೇ ದಿನೇ ವ್ಯಾಯಾಮವನ್ನು ಹೆಚ್ಚಿಸಬೇಕೆಂಬ ಹಳೆಯ ಉಪದೇಶವನ್ನು ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿಯು 2021ರಲ್ಲಿ ಕೈಬಿಟ್ಟಿತು. ಕೆಲಸವನ್ನು ಮಿತಿಯಲ್ಲಿಟ್ಟು ವಿಶ್ರಮಿಸುವ ಕ್ರಮದಿಂದ ರೋಗವು ನೀಗದು, ಆದರೆ ಕುಸಿತಗಳು ವಿರಳವಾಗಬಹುದು. ರಕ್ತಹೀನತೆ, ಥೈರಾಯ್ಡ್ ದೋಷಗಳಿಂದಲೂ ದಣಿವು ಬರುವುದರಿಂದ, ಮೊದಲು ವೈದ್ಯರಿಂದ ಪರೀಕ್ಷಿಸಿಕೊಳ್ಳಿರಿ.